ಗುಲಾಬಿ ವಾಸನೆಯ ಮರಿ

ಬೇಸಿಗೆ ರಜೆ ಬಂತೆಂದರೆ ಅಜ್ಜನ ಕುರಿಗಳು ಎಲ್ಲಿರುತ್ತವೋ ಅದೇ ನೀಲಾಳ ಊರು. ಒಂದು ವರ್ಷ ಅಣ್ಣಿಗೇರಿಯ ಬಾಜು, ಇನ್ನೊಂದು ವರ್ಷ ಕುಂದಗೋಳದ ಆಚೆ. ಹುಬ್ಬಳ್ಳಿಯ ಗೆಳತಿಯರು ‘ನಿಮ್ಮಜ್ಜನ ಊರು ಯಾವುದು’ ಎಂದು ಕೇಳಿದಾಗಲೆಲ್ಲ ಅವಳು ಹಾರಿಕೆಯ ಉತ್ತರ ಕೊಟ್ಟು ಮಾತು ತಿರುಗಿಸುತ್ತಿದ್ದಳು. ಊರು ನಡೆದಾಡುತ್ತದೆ ಅಂದರೆ ಆ ಹುಡುಗಿಯರು ಮೊದಲು ನಂಬುವುದಿಲ್ಲ, ನಂಬಿದ ಮೇಲೆ ನಗದೆ ಬಿಡುವುದಿಲ್ಲ.

ಈ ವರ್ಷ ಅಜ್ಜ ಹೊಳೆಯಪ್ಪ ನವಲಗುಂದದ ಹತ್ತಿರ ಸಿದ್ಧಲಿಂಗ ಎಂಬ ರೈತನ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಕುರಿ ತರುಬಿದ್ದ. ಅಂದರೆ ಹಗಲೆಲ್ಲ ಮೇಯ್ದು ಬಂದ ಹಿಂಡು ಕತ್ತಲಾದ ಮೇಲೆ ಆ ಹೊಲದಲ್ಲೇ ಮಲಗಬೇಕು, ಹೊಲಕ್ಕೆ ಗೊಬ್ಬರ ಬೀಳಬೇಕು, ಅದಕ್ಕೆ ಬದಲಾಗಿ ಅಜ್ಜನ ಒಲೆಗೆ ಜೋಳ ಬರಬೇಕು. ಹೊಲದ ಬದುವಿನಲ್ಲೊಂದು ಬೇವಿನ ಮರ, ಮರಕ್ಕೆ ಕಟ್ಟಿದ ತಾಡಪತ್ರಿ, ತಾಡಪತ್ರಿಯ ಕೆಳಗೆ ಆಯಿಯ ಮೂರು ಕಲ್ಲಿನ ಒಲೆ. ಮಕ್ಕಳು ‘ಆಯಿ’ ಎಂದು ಕರೆಯುತ್ತಿದ್ದದ್ದು ಅಜ್ಜಿ ದುರ್ಗವ್ವನನ್ನು. ಅಲ್ಲಿ ಫ್ಯಾನಿಲ್ಲ, ಟಿವಿಯಿಲ್ಲ, ಮೊಬೈಲಿಗೆ ಸಿಗ್ನಲ್ಲು ಬದುವಿನ ಕಲ್ಲು ಹತ್ತಿದರೆ ಮಾತ್ರ. ಏಳನೆಯ ಇಯತ್ತೆ ಮುಗಿಸಿದ ಹುಡುಗಿಗೆ ಇದು ತಕ್ಕ ಜಾಗವಲ್ಲ ಎಂದು ನೀಲಾ ಬಂದ ದಿನವೇ ತೀರ್ಮಾನಿಸಿ, ಆ ತೀರ್ಮಾನವನ್ನು ಯಾರೂ ಕೇಳದಿದ್ದರಿಂದ ತಾನೇ ಮರೆತುಬಿಟ್ಟಳು.

ಅವಳ ತಮ್ಮ ಬೀರೇಶನಿಗೆ ಇಂಥ ಚಿಂತೆಗಳಿರಲಿಲ್ಲ. ಅವನದು ಮೂರನೆಯ ಇಯತ್ತೆ, ಮುಂದಿನ ಎರಡು ಹಲ್ಲು ಬಿದ್ದ ಬಾಯಿ. ಬಸ್ಸಿನಿಂದ ಇಳಿದವನೇ ಚಪ್ಪಲಿ ಎತ್ತಲೋ ಎಸೆದು, ಮರಿಗಳಿದ್ದ ಬಲೆಯೊಳಗೆ ನುಗ್ಗಿ ಮಲಗಿದ. ತಾಯಿಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ಒಳಗೆ ಕೂಡಿಹಾಕಲು ಸುತ್ತಲೂ ಗೂಟ ನೆಟ್ಟು ಕಟ್ಟಿದ ಬಲೆ ಅದು. ಅವತ್ತಿನಿಂದ ಅವನನ್ನು ಹುಡುಕಬೇಕಾದರೆ ಆಯಿ ಮರಿಗಳನ್ನು ಎಣಿಸಿ, ಒಂದು ಹೆಚ್ಚಿದ್ದರೆ ಅದೇ ಮೊಮ್ಮಗ ಎಂದು ತಿಳಿದುಕೊಳ್ಳುತ್ತಿದ್ದಳು. ಸ್ನಾನದ ವಿಷಯ ಕೇಳಬೇಡಿ.

ಅವರು ಬಂದು ಸ್ವಲ್ಪ ದಿನಕ್ಕೆ ಚೊಚ್ಚಲ ಕುರಿಯೊಂದು ಹೆಣ್ಣುಮರಿ ಹಾಕಿತು. ಮೈಯೆಲ್ಲ ಕಪ್ಪು, ಒಂದು ಕಿವಿ ಮಾತ್ರ ಬಿಳುಪು. ಅಕ್ಕ ತಮ್ಮ ಇಬ್ಬರೂ ಅದನ್ನು ಒಟ್ಟಿಗೇ ನೋಡಿದರು, ಒಟ್ಟಿಗೇ ‘ನಂದು’ ಅಂದರು. ಅಲ್ಲಿಂದ ಶುರುವಾಯಿತು.

ಹೊಳೆಯಪ್ಪನ ಮನೆತನದಲ್ಲಿ ಮಕ್ಕಳ ಹೆಸರಿಗೆ ಒಂದೊಂದು ಹೆಣ್ಣುಮರಿ ಬಿಡುವ ಪದ್ಧತಿ. ಆ ಮರಿ ಬೆಳೆದು ಹಾಕಿದ ಮರಿಗಳೂ, ಆ ಮರಿಗಳ ಮರಿಗಳೂ ಆ ಮಗುವಿನವೇ. ನೀಲಾಳ ಅಪ್ಪ ಹುಲಿಗೇಶ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕಾದರೂ, ಅವನ ಹೆಸರಿನ ಕುರಿಗಳು ಇವತ್ತಿಗೂ ಈ ಹಿಂಡಿನಲ್ಲಿವೆ. ನೀಲಾ ಚಿಕ್ಕವಳಿದ್ದಾಗ ಅವಳ ಹೆಸರಿಗೂ ಒಂದು ಮರಿ ಬಿಟ್ಟಿದ್ದರು. ಅದು ಜ್ವರ ಬಂದು ಸತ್ತಿತು. ಮರುವರ್ಷ ಬಿಟ್ಟದ್ದನ್ನು ತೋಳ ಒಯ್ದಿತು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ‘ನನ್ನ ಕೈಗೆ ಮರಿ ಹತ್ತುವುದಿಲ್ಲ’ ಎಂಬ ಮಾತು ಅವಳ ಹೊಟ್ಟೆಯೊಳಗೆ ಎಲ್ಲೋ ಕೂತಿತ್ತು, ಆಗಾಗ ಚುಚ್ಚುತ್ತಿತ್ತು. ಬಿಳಿಕಿವಿಯ ಮರಿ ಅವಳಿಗೆ ಬೇಕಾಗಿದ್ದದ್ದು ಅದಕ್ಕೆ. ಬೀರೇಶನಿಗೆ ಬೇಕಾಗಿದ್ದದ್ದು ಅಕ್ಕನಿಗೆ ಬೇಕು ಎಂಬ ಕಾರಣಕ್ಕೆ ಎಂಬುದು ಅವಳ ಖಚಿತ ಅಭಿಪ್ರಾಯ.

ಜಗಳ ಜೋರಾದಾಗ ಅಜ್ಜ ಎಲೆಯಡಿಕೆ ಮೆಲ್ಲುತ್ತ ತೀರ್ಪು ಕೊಟ್ಟ.

“ನಿಮ್ಮಪ್ಪ ಕರಿಯಾಕ ಬರ್ತಾನಲ್ಲ, ಅವತ್ತ ಮುಂಜಾನೆ ಬಲಿ ಬಿಚ್ಚತೇನಿ. ಮರಿ ಯಾರ ಬೆನ್ನ ಹತ್ತತೈತೋ ಅವರದು. ಅಲ್ಲೀತನಾ ನನ್ನ ತಲಿ ತಿನಬ್ಯಾಡ್ರಿ.”

ನೀಲಾ ಕೆಲಸವನ್ನು ಶಿಸ್ತಿನಿಂದ ಹಿಡಿದಳು. ಮರಿಗೆ ‘ಸಿಂಚನಾ’ ಎಂದು ಹೆಸರಿಟ್ಟಳು, ಅದು ಅವಳ ವರ್ಗದ ಮೊದಲ ರ‍್ಯಾಂಕಿನ ಹುಡುಗಿಯ ಹೆಸರು. ತನ್ನ ಬಾಚಣಿಕೆಯಿಂದ ಅದರ ಕೂದಲು ಬಾಚಿದಳು. ಎದುರಿಗೆ ಕೂತು ಟೀಚರಮ್ಮನ ದನಿಯಲ್ಲಿ “ಸಿಂಚನಾ, ಇಲ್ಲಿ ಬಾ. ಬಂದು ಕುಳಿತುಕೋ” ಎಂದು ಪುಸ್ತಕದ ಕನ್ನಡದಲ್ಲಿ ಕರೆದಳು. ಮರಿ ಬೇರೆ ಕಡೆ ನೋಡಿತು. ಬೀರೇಶ ಅದಕ್ಕೆ ‘ಬುಂದೆ’ ಎಂದು ಹೆಸರಿಟ್ಟು, ಹೆಸರಿಟ್ಟದ್ದನ್ನೂ ಮರೆತು, ಬಲೆಯೊಳಗಿನ ದೂಳಿನಲ್ಲಿ ಅಂಗಾತ ಬಿದ್ದುಕೊಂಡ. ಮರಿ ಹೋಗಿ ಅವನ ಹೊಟ್ಟೆಯ ಮೇಲೆ ಹತ್ತಿ ನಿಂತಿತು. ಅವನು ಎದ್ದರೆ ಅವನ ಹಿಂದೆ, ಕೂತರೆ ಅವನ ಮಡಿಲಿಗೆ.

“ಅಕ್ಕಾ, ನಾ ಏನೂ ಮಾಡಿಲ್ಲ. ಅದರಷ್ಟಕ್ಕ ಅದ ಬರ್ತೈತಿ” ಎನ್ನುತ್ತಿದ್ದ ಅವನು. ಆ ಮಾತು ನಿಜವಾಗಿದ್ದರಿಂದಲೇ ನೀಲಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಕೂತು ಯೋಚಿಸಿದಳು. ಬೀರ್ಯಾನಲ್ಲಿ ಏನಿದೆ, ತನ್ನಲ್ಲಿ ಏನಿಲ್ಲ? ಹೊಲಸು. ಮರಿಯ ಮೈಯೂ ಹೊಲಸು, ಅವನ ಮೈಯೂ ಹೊಲಸು, ಆದ್ದರಿಂದ ಇಬ್ಬರಿಗೂ ದೋಸ್ತಿ. ಮರಿ ಒಮ್ಮೆ ಚೊಕ್ಕಟವಾಯಿತೆಂದರೆ ತಾನಾಗಿ ಚೊಕ್ಕಟವಾದವರ ಕಡೆ ಬರುತ್ತದೆ. ಈ ಲೆಕ್ಕಾಚಾರದಲ್ಲಿ ಅವಳಿಗೆ ಒಂದೂ ತಪ್ಪು ಕಾಣಲಿಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಪೇಟೆಯ ನಲ್ಲಿಯ ಕೆಳಗೆ ಬೆಳೆದವರಿಗೆ ಮಾತ್ರ ಹೊಳೆಯಬಹುದಾದ ವಿಚಾರ ಅದು.

ಒಂದು ಮಧ್ಯಾಹ್ನ ಅಜ್ಜ ಹಿಂಡು ಹೊಡೆದುಕೊಂಡು ದೂರ ಹೋಗಿದ್ದ. ಆಯಿ ಒಲೆಯ ಪಕ್ಕ ಒರಗಿದ್ದಳು, ಬೀರೇಶ ಬಾಯಿ ತೆರೆದು ನಿದ್ದೆ ಹೋಗಿದ್ದ. ನೀಲಾ ಡ್ರಮ್ಮಿನಿಂದ ಒಂದು ಬಕೆಟ್ಟು ನೀರು ತೆಗೆದುಕೊಂಡಳು. ಹುಬ್ಬಳ್ಳಿಯಿಂದ ತಂದಿದ್ದ ಗುಲಾಬಿ ವಾಸನೆಯ ಶಾಂಪೂ ಪಾಕೀಟು ಹರಿದಳು. ಮರಿ ಮೊದಲು ಒದರಿತು, ಆಮೇಲೆ ನಡುಗಿತು, ಆಮೇಲೆ ತನ್ನ ಹಣೆಬರಹ ಎಂಬಂತೆ ಸುಮ್ಮನೆ ನಿಂತಿತು. ಎರಡು ಸಲ ನೊರೆ ಬರಿಸಿ ತಿಕ್ಕಿ ತೊಳೆದು, ತನ್ನ ಟವೆಲ್ಲಿನಿಂದ ಒರೆಸಿ, ಬಿಸಿಲಿಗೆ ನಿಲ್ಲಿಸಿ, ಕೊರಳಿಗೆ ಕೆಂಪು ರಿಬ್ಬನ್ನು ಕಟ್ಟಿದಳು. ಇಡೀ ಹೊಲದಲ್ಲಿ ಅಷ್ಟು ಚೆಂದದ ಪ್ರಾಣಿ ಇನ್ನೊಂದಿರಲಿಲ್ಲ. ಮರಿ ನಡುಗುತ್ತ ಅವಳ ಮಡಿಲಿಗೆ ಬಂದು ಮುದುಡಿಕೊಂಡಿತು. ನೀಲಾಳಿಗೆ ಕಣ್ಣು ತುಂಬಿ ಬಂತು. ಚಳಿಗೆ ಬಂದಿತು ಎಂದು ಅವಳಿಗೆ ಯಾರು ಹೇಳಬೇಕು?

ಹೊತ್ತು ಮುಳುಗುವ ಮುಂದೆ ಹಿಂಡು ಬಂತು. ಆ ಗದ್ದಲ ನೋಡಿದವರಿಗೇ ಗೊತ್ತು. ಇತ್ತ ಬಲೆಯೊಳಗಿಂದ ಮರಿಗಳ ಕೂಗು, ಅತ್ತ ಕೆಚ್ಚಲು ತುಂಬಿದ ತಾಯಿಗಳ ಕೂಗು. ಅಜ್ಜ ಬಲೆ ಬಿಚ್ಚಿದ್ದೇ ತಡ ಎಲ್ಲ ಕಲಸಿಹೋಗಿ, ನೋಡನೋಡುತ್ತಿದ್ದಂತೆ ಪ್ರತಿಯೊಂದು ಮರಿಯೂ ತನ್ನ ತಾಯಿಯ ಕೆಳಗೆ ಮೊಣಕಾಲೂರಿ ಬಾಲ ಅಲ್ಲಾಡಿಸತೊಡಗಿತು.

ಬಿಳಿಕಿವಿಯದೂ ಓಡಿತು. ಚೊಚ್ಚಲ ಕುರಿ ಅದರ ಬೆನ್ನಿಗೆ ಮೂಗಿಟ್ಟು ಮೂಸಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ಹಾಯ್ದುಬಿಟ್ಟಿತು. ಮರಿ ಉರುಳಿ ಬಿತ್ತು. ಎದ್ದು ಮತ್ತೆ ಹೋಯಿತು, ಕುರಿ ಮತ್ತೆ ಹಾಯ್ದಿತು. ಆಮೇಲೆ ಕುರಿ ಮರಿಯನ್ನು ಬಿಟ್ಟು, ತನ್ನ ಮರಿ ಎಲ್ಲಿ ಎಂದು ಹಿಂಡಿನ ತುಂಬ ಒದರುತ್ತ ಹುಡುಕಾಡತೊಡಗಿತು. ಅದರ ಹಿಂದೆಯೇ ರಿಬ್ಬನ್ನು ಕಟ್ಟಿಕೊಂಡ ಮರಿ ಒದರುತ್ತ ಓಡಾಡಿತು.

ಅಜ್ಜ ಬಂದು ಮರಿಯನ್ನು ಎತ್ತಿ ಮೂಗಿಗೆ ಹಿಡಿದ. ಬೀರೇಶನೂ ಮೂಗು ಚಾಚಿದ.

“ಅಕ್ಕನ ತಲಿ ವಾಸನಿ” ಎಂದ ಅವನು, ಬಹಳ ಮೆಚ್ಚಿಕೆಯಿಂದ.

ನೀಲಾ ನೆಲ ನೋಡಿದಳು. ಅಜ್ಜ ಬೈಯುತ್ತಾನೆಂದು ಕಾದಳು. ಅಜ್ಜ ಬೈಯಲಿಲ್ಲ, ಅದೇ ಕಷ್ಟವಾಯಿತು. “ಮೂಗಿಲೆ ಗುರ್ತ ಹಿಡಿಯೂ ಜಾತಿ ಅವು, ತಂಗಿ” ಎಂದಷ್ಟೇ ಹೇಳಿ ಕುರಿಯನ್ನು ಹಿಡಿಯಲು ಹೋದ. ಬೈಯುವ ಕೆಲಸವನ್ನು ಆಯಿ ವಹಿಸಿಕೊಂಡಳು.

“ಶಾಂಪೂ ಹಾಕೂದಿತ್ತಂದ್ರ ನಿನ್ನ ತಮ್ಮಗ ಹಾಕಬಾರದಿತ್ತೇನ ಬೇ? ಅವನ ಅವ್ವ ಗುರ್ತ ಹಿಡೀಲಿಲ್ಲಂದ್ರ ಇಲ್ಲೇ ಇಟಗೊಂತಿದ್ವಿ. ಈ ಹಾಲು ಕುಡಿಯೂ ಮರಿ ಏನ್ ಮಾಡಿತ್ತು ನಿನಗ?”

ಅಜ್ಜ ಕುರಿಯ ಕುತ್ತಿಗೆಯನ್ನು ಕಾಲ ಸಂದಿಯಲ್ಲಿ ಹಿಡಿದ. ನೀಲಾ ಮರಿಯ ಬಾಯಿಗೆ ಮೊಲೆ ಹಚ್ಚಿದಳು. ಅದು ಗಟಗಟ ಕುಡಿಯಿತು. ಕುಡಿದು ಮುಗಿಸುವವರೆಗೂ ಕುರಿ ಒದೆಯುತ್ತಲೇ ಇತ್ತು.

“ದಿನಾ ಹಿಂಗ ಹಿಡದ ಕುಡಿಸಬೇಕು, ಮುಂಜಾನೆ ಒಮ್ಮಿ, ಸಂಜೀಕ ಒಮ್ಮಿ” ಎಂದ ಅಜ್ಜ. “ನನಗ ಇಡೀ ಹಿಂಡು ನೋಡೂದೈತಿ. ನೀವಿಬ್ಬರೂ ಮಾಡ್ರಿ. ತಾಯಿ ಒಪ್ಪಿದ್ರ ಮರಿ ಉಳೀತು. ಒಪ್ಪಲಿಲ್ಲಂದ್ರ ಮಳಿ ಬಿದ್ದ ಮ್ಯಾಲ ಕಷ್ಟ. ಮಳಿ ಬಿದ್ರ ಎರಿ ಹೊಲದಾಗ ಕುರಿ ಕಾಲ ಊರಾಂಗಿಲ್ಲ, ನಾವು ಗದಗಿನ ಗುಡ್ಡದ ಕಡೆ ನಡೀತೇವಿ. ಆ ದಾರ್ಯಾಗ ತಾಯಿ ಇಲ್ಲದ ಮರಿ ನಡ್ಯಾಕಾಗೂದಿಲ್ಲ.”

ಏನಾಗುತ್ತದೆ ಎಂದು ನೀಲಾ ಕೇಳಲಿಲ್ಲ. ಹಿಂದಿನ ಎರಡು ಮರಿಗಳ ನೆನಪು ಸಾಕಿತ್ತು.

ಹೀಗೆ ಜಗಳವಾಡಲು ಹುಟ್ಟಿದ ಇಬ್ಬರು ಒಂದೇ ಕುರಿಯ ಎರಡು ತುದಿಗೆ ನಿಂತರು. ಬೀರೇಶ ತಲೆಯ ಕಡೆ, ನೀಲಾ ಕೆಚ್ಚಲ ಕಡೆ. ಹಿಡಿದುಕೊಳ್ಳುವ ಕೆಲಸ ತನಗೇಕೆ ಎಂದು ಅವನು, ಒದೆ ತಿನ್ನುವ ಕೆಲಸ ತನಗೇಕೆ ಎಂದು ಇವಳು. ಮೊದಮೊದಲು ಕುರಿ ಬೀರೇಶನನ್ನು ಹೊಲದ ಆ ಬದುವಿನವರೆಗೆ ಎಳೆದುಕೊಂಡು ಹೋಗುತ್ತಿತ್ತು. ಅವನು ಕೊರಳು ಬಿಡದೆ ಜೋತುಬಿದ್ದು “ಅಕ್ಕಾ, ಲಗೂನ ಬಾರ” ಎಂದು ಕೂಗುತ್ತಿದ್ದ. ಅವಳು ಮರಿಯನ್ನು ಎತ್ತಿಕೊಂಡು ಹಿಂದೆ ಓಡುತ್ತಿದ್ದಳು. ಅತ್ತ ರಸ್ತೆಯಲ್ಲಿ ಹೊರಟ ಸಿದ್ಧಲಿಂಗ ಗಾಡಿ ನಿಲ್ಲಿಸಿ ಮೀಸೆಯೊಳಗೆ ನಗುತ್ತಿದ್ದ.

ಆಯಿ ಹೇಳಿದಂತೆ ಕುರಿಯದೇ ಹಾಲನ್ನು ಹಿಂಡಿ ಮರಿಯ ಬೆನ್ನಿಗೆ ಸವರಿದರು. ಬಲೆಯೊಳಗಿನ ದೂಳನ್ನು ಮೈತುಂಬ ತಿಕ್ಕಿದರು. ಅಷ್ಟು ಜತನದಿಂದ ತೊಳೆದ ಮರಿಗೆ ಅಷ್ಟೇ ಜತನದಿಂದ ಹೊಲಸು ಹಚ್ಚುವುದು ನೀಲಾಳಿಗೆ ಬಂದ ಶಿಕ್ಷೆ. ಬೀರೇಶ ಈ ಕೆಲಸದಲ್ಲಿ ಅವಳಿಗೆ ಗುರುವಾದ. “ಕಿವಿ ಹಿಂದ ಬಿಟ್ಟಿ ನೋಡು” ಎಂದು ತೋರಿಸಿಕೊಡುತ್ತಿದ್ದ. ಸ್ನಾನ ಮಾಡಿಸುವಾಗ ಅವ್ವ ಅವನಿಗೆ ಹೇಳುತ್ತಿದ್ದ ಮಾತು ಅದು.

ದಿನ ಕಳೆದಂತೆ ಗುಲಾಬಿ ವಾಸನೆ ಇಳಿಯಿತು, ಕುರಿಯ ಸಿಟ್ಟೂ ಇಳಿಯಿತು. ಹಾಯುವುದನ್ನು ಬಿಟ್ಟು, ಮೂಸಿ ಸುಮ್ಮನೆ ನಿಲ್ಲತೊಡಗಿತು. ಆದರೆ ಅಷ್ಟರಲ್ಲಿ ಇನ್ನೊಂದು ಆಗಿತ್ತು.

ಮರಿಯೇ ತಾಯಿಯ ಕಡೆ ಹೋಗುವುದನ್ನು ಬಿಟ್ಟಿತ್ತು. ಅದಕ್ಕೆ ಹಾಲು ಅಂದರೆ ನೀಲಾ, ಬೆಚ್ಚನೆಯ ಜಾಗ ಅಂದರೆ ನೀಲಾ. ಅವಳು ನೀರಿಗೆ ಹೋದರೆ ನೀರಿಗೆ, ಬದುವಿನ ಕಲ್ಲು ಹತ್ತಿದರೆ ಕಲ್ಲಿನ ಬುಡಕ್ಕೆ. ಬೀರೇಶ ಅಂಗಾತ ಬಿದ್ದುಕೊಂಡು ಎಷ್ಟು ಕರೆದರೂ ಅತ್ತ ತಿರುಗುತ್ತಿರಲಿಲ್ಲ.

“ನೀ ಗೆದ್ದಿ ಬಿಡು ಅಕ್ಕಾ” ಎಂದ ಅವನು ಒಂದು ದಿನ, ರೊಟ್ಟಿ ಅಗಿಯುತ್ತ. ಮುಖದಲ್ಲಿ ಹೊಟ್ಟೆಕಿಚ್ಚು ಒಂದಿಷ್ಟೂ ಇರಲಿಲ್ಲ. ಇಷ್ಟು ದಿನ ಹೋರಾಡಿ ಗೆದ್ದವಳಿಗೆ ಸೋತವನ ಅಳುಮುಖವನ್ನಾದರೂ ನೋಡುವ ಭಾಗ್ಯ ಬೇಡವೇ?

ಆದರೂ ನೀಲಾ ಸಂತೋಷದಲ್ಲಿ ತೇಲುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ಒಂದು ಮರಿ ಅವಳ ಕೈಗೆ ಹತ್ತಿತ್ತು. ಎತ್ತಿಕೊಳ್ಳಬೇಕಾದ ಹೊತ್ತಿನಲ್ಲಿ ಎತ್ತಿಕೊಂಡಳು, ಬೇಡದ ಹೊತ್ತಿನಲ್ಲೂ ಎತ್ತಿಕೊಂಡಳು. ಮಲಗುವಾಗ ತನ್ನ ಕಂಬಳಿಯೊಳಗೆ ಎಳೆದುಕೊಂಡಳು. ಆಯಿ ಎಲ್ಲವನ್ನೂ ನೋಡಿ, ಒಂದು ಸಂಜೆ ರೊಟ್ಟಿ ಬಡಿಯುತ್ತ ಕೇಳಿದಳು.

“ತಾಯಿ ಈಗ ಹಾಯೂದಿಲ್ಲ. ಮರಿ ಯಾಕ ಹೋಗವಲ್ದು?”

“ನನಗೇನ್ ಗೊತ್ತು” ಎಂದಳು ನೀಲಾ.

“ನಿನಗ ಗೊತ್ತೈತಿ” ಎಂದು ಆಯಿ ರೊಟ್ಟಿ ತಿರುವಿದಳು. “ಸಾಲಿ ಚಾಲೂ ಆದ್ರ ನೀ ಹುಬ್ಬಳ್ಯಾಗಿರ್ತಿ. ಅದು ಯಾರ ಬೆನ್ನ ಹತ್ತಬೇಕು ಆಗ?”

ನೀಲಾ ಊಟ ಬೇಡವೆಂದಳು. ಆಯಿ ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹಸಿವೆಯಾಗಿ ತಾನೇ ಬಂದು ಉಂಡಳು.

ಮರುದಿನದಿಂದ ಮರಿಯನ್ನು ಎತ್ತಿಕೊಳ್ಳಬಾರದು ಎಂದು ನಿಶ್ಚಯಿಸಿದಳು. ಮರುದಿನ ಮರಿ ಬಂದು ಲಂಗದ ಅಂಚು ಚೀಪಿತು. ನಾಳೆಯಿಂದ ಎಂದುಕೊಂಡಳು. ಆ ನಾಳೆಯೂ ಹೋಯಿತು, ಅದರ ನಾಳೆಯೂ ಹೋಯಿತು. ಅಷ್ಟರಲ್ಲಿ ಕರೆದೊಯ್ಯಲು ಅಪ್ಪ ಬಂದೇಬಿಟ್ಟ.

ಅವತ್ತು ಬೆಳಿಗ್ಗೆ ಹಿಂಡು ಮೇಯಲು ಹೊರಡುವ ಮುಂಚೆ ಅಜ್ಜ ಬಲೆಯ ಹತ್ತಿರ ಬಂದ. ಇಷ್ಟರಲ್ಲಿ ಮರಿಗಳೂ ತಾಯಿಗಳ ಜೊತೆ ಮೇಯಲು ಹೋಗುವಷ್ಟು ಬೆಳೆದಿದ್ದವು. ಚೀಲಗಳು ಕಟ್ಟಿ ತಯಾರಾಗಿದ್ದವು. ನವಲಗುಂದದಿಂದ ಹುಬ್ಬಳ್ಳಿಯ ಬಸ್ಸು ಹಿಡಿಯಬೇಕು ಎಂದು ಅಪ್ಪ ಅವಸರ ಮಾಡುತ್ತಿದ್ದ. ನೀಲಾ ಒಂದು ಕಡೆ, ಬೀರೇಶ ಇನ್ನೊಂದು ಕಡೆ ನಿಂತರು. ಚೊಚ್ಚಲ ಕುರಿ ಹಿಂಡಿನಿಂದ ಸ್ವಲ್ಪ ಈಚೆ, ಬಲೆಯ ಕಡೆ ಮುಖ ಮಾಡಿ ನಿಂತಿತ್ತು. ಅಜ್ಜ ಬಲೆ ಬಿಚ್ಚಿದ.

ಮರಿಗಳೆಲ್ಲ ತಮ್ಮ ತಮ್ಮ ತಾಯಿಯ ಕಡೆ ಹಾರಿದವು. ಬಿಳಿಕಿವಿಯದು ಬೀರೇಶನನ್ನು ದಾಟಿ, ತಾಯಿಯನ್ನೂ ದಾಟಿ, ನೇರ ನೀಲಾಳ ಕಾಲಿಗೆ ಬಂದು ತಲೆ ಒತ್ತಿತು.

“ಗೆದ್ಲು ನನ್ನ ಮಗಳು” ಎಂದು ಅಪ್ಪ ನಕ್ಕ. ಅಜ್ಜ ತಲೆಯಾಡಿಸಿದ. “ಮಾತ ಅಂದ್ರ ಮಾತ. ನೀಲಾನ ಹೆಸರಿಲೆ ಬಿಟ್ಟಂಗಾತು.”

ನೀಲಾ ಬಗ್ಗಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು, ಯಾಕೆಂದರೆ ಬಿಟ್ಟರೆ ಅವು ತಾವಾಗಿ ಎತ್ತಿಕೊಂಡುಬಿಡುತ್ತಿದ್ದವು. ಅತ್ತ ಕುರಿ ಒಮ್ಮೆ ಸಣ್ಣದಾಗಿ ಒದರಿತು. ಮರಿ ಕೇಳಿಸಿಕೊಳ್ಳಲಿಲ್ಲ. ಅದು ನೀಲಾಳ ಲಂಗ ಚೀಪುತ್ತಿತ್ತು.

“ಹೋಗು” ಎಂದಳು ನೀಲಾ, ಮೆಲ್ಲಗೆ. ಮರಿ ಅವಳ ಮುಖ ನೋಡಿತು.

“ಹೋಗಂದ್ನೆಲಾ.” ಮೊಣಕಾಲಿನಿಂದ ತಳ್ಳಿದಳು. ಮರಿ ತಿರುಗಿ ಬಂತು. ಈ ಸಲ ಕೈಯಿಂದ ಜೋರಾಗಿ ನೂಕಿದಳು. ಅದು ಉರುಳಿ ಬಿತ್ತು, ಆ ಸಂಜೆ ತಾಯಿ ಹಾಯ್ದಾಗ ಬಿದ್ದ ಹಾಗೆಯೇ.

“ಅಕ್ಕಾ, ಹಂಗ ಮಾಡಬ್ಯಾಡ” ಎಂದ ಬೀರೇಶ. “ಅದಕ್ಕ ನೋವಾಗತೈತಿ.”

“ಆಗಲಿ” ಎಂದಳು ನೀಲಾ. ನೋವು ಯಾರಿಗೆ ಆಗುತ್ತಿತ್ತೆಂಬುದು ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು, ಒಲೆಯ ಹೊಗೆ ಎಂದಳು. ಒಲೆ ಆರಿ ಬಹಳ ಹೊತ್ತಾಗಿತ್ತು.

ಮರಿ ಎದ್ದು ನಿಂತಿತು. ಅವಳ ಕಡೆ ಒಂದು ಹೆಜ್ಜೆ ಇಟ್ಟಿತು. ಅವಳು ನೆಲಕ್ಕೆ ಕಾಲು ಅಪ್ಪಳಿಸಿದಳು. ಆಗ ಅದು ಹಿಂದೆ ಸರಿಯಿತು, ಸರಿದು ಯಾರಿಗೂ ಬೇಡವಾದಂತೆ ನಡುವೆ ನಿಂತು ಒದರಿತು. ಕುರಿ ಅದರ ಹತ್ತಿರ ತಾನಾಗಿ ನಡೆದು ಬಂತು. ಬೆನ್ನು ಮೂಸಿತು, ಬಾಲದ ಬುಡ ಮೂಸಿತು. ಯಾರೂ ಹಿಡಿದಿರಲಿಲ್ಲ, ಯಾರೂ ಒತ್ತಿರಲಿಲ್ಲ. ಮರಿ ಅನುಮಾನದಿಂದಲೇ ಅದರ ಕೆಳಗೆ ತಲೆ ಹಾಕಿತು, ಮೊಣಕಾಲೂರಿತು. ಸ್ವಲ್ಪ ಹೊತ್ತಿಗೆ ಬಾಲ ಅಲ್ಲಾಡತೊಡಗಿತು.

ಮರಿ ಕುಡಿದು ಮುಗಿಸುವವರೆಗೆ ಅಜ್ಜ ಹಿಂಡನ್ನು ಹೊರಡಿಸಲಿಲ್ಲ. ಆಮೇಲೆ ನೀಲಾಳ ತಲೆಯ ಮೇಲೆ ಕೈಯಿಟ್ಟ.

“ನಿಂದ ಅದು. ಹೋಗೂ ಮುಂದ ಒಮ್ಮಿ ಕರದ ನೋಡು, ತಂಗಿ.”

ಬೀರೇಶ ಅವಳಿಗಿಂತ ಮುಂಚೆ ಕರೆಯಲು ಬಾಯಿ ತೆರೆದ. ನೀಲಾ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಹಿಂಡು ಮರಿಗಳ ಸಮೇತ ರಸ್ತೆ ದಾಟಿ ಆಚೆಯ ಹೊಲಕ್ಕೆ ಇಳಿಯುವವರೆಗೂ ಆ ಕೈಯನ್ನು ತೆಗೆಯಲಿಲ್ಲ. ಕರೆದರೆ ಎಲ್ಲಿ ಬಂದುಬಿಡುತ್ತದೋ ಎಂದು ಅವಳಿಗೆ ಹೆದರಿಕೆಯಾಗಿತ್ತು.